ಬಿಡುಗಡೆಗೆ ಮುನ್ನ ತಂತ್ರಾಂಶ ಪರೀಕ್ಷೆ: ಕಲಬುರಗಿಯ ಹೊಸ ಗುಂಪಿಗೆ ನಿಮ್ಮ ಅನುಭವ ಹೇಳಿ

ಕೇಳಿದವರು: ಪದವಿ ಕಾಲೇಜಿನ ಉಪನ್ಯಾಸಕಿ, ಕಲಬುರಗಿ

ನಮ್ಮ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯ ಭಾನುವಾರ ಖಾಲಿ ಇರುತ್ತದೆ. ಕೆಲವು ವಿದ್ಯಾರ್ಥಿಗಳು, ಪ್ರೌಢಶಾಲೆಯ ಇಬ್ಬರು ಶಿಕ್ಷಕರು, ಸೂಪರ್ ಮಾರ್ಕೆಟ್ ಬಳಿ ಡಿಟಿಪಿ ಅಂಗಡಿ ನಡೆಸುವ ಒಬ್ಬರು ಸೇರಿ ಮುಕ್ತ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಬಿಡುಗಡೆಗೆ ಮೊದಲೇ ಪರೀಕ್ಷಿಸಿಕೊಡಬೇಕೆಂದು ಹೊರಟಿದ್ದೇವೆ. ಕಚೇರಿ ಕೆಲಸದ ಲಿಬ್ರೆಆಫೀಸ್, ಜಾಲತಾಣ ನೋಡುವ ಫೈರ್‌ಫಾಕ್ಸ್, ಕಾರ್ಯಾಚರಣಾ ವ್ಯವಸ್ಥೆಗಳಾದ ಉಬುಂಟು, ಡೆಬಿಯನ್ ಎಂದು ಪಟ್ಟಿ ಉದ್ದವಾಗಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ವರದಿ ಬರೆಯಬೇಕೆಂದರೆ ಹಿಂಜರಿಯುತ್ತಾರೆ. ಯಂತ್ರಗಳೂ ಹಳೆಯವು. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಮಾಡಬಾರದು?

ಲಿಬ್ರೆಆಫೀಸ್ ಪರೀಕ್ಷಕ, ಸೇಡಂ ರಸ್ತೆ, ಕಲಬುರಗಿ

ಮೇಡಂ, ಮೊದಲು ಆ ಪಟ್ಟಿಯನ್ನು ಬದಿಗಿಡಿ. ನಿಮ್ಮವರು ಪ್ರತಿದಿನ ಬಳಸುವ ಒಂದೇ ತಂತ್ರಾಂಶವನ್ನು ಹಿಡಿಯಿರಿ. ಶಿಕ್ಷಕರೂ ಡಿಟಿಪಿಯವರೂ ಇದ್ದಾರೆಂದರೆ ಅದು ಲಿಬ್ರೆಆಫೀಸ್ ಆಗಲಿ. ನಿತ್ಯ ಬಳಸುವವರಿಗೆ ಯಾವುದು ಮೊದಲು ಸರಿಯಿತ್ತು, ಯಾವುದು ಈಗ ಕೆಟ್ಟಿದೆ ಎಂಬುದು ಕೂಡಲೇ ತಿಳಿಯುತ್ತದೆ. ಪ್ರೋಗ್ರಾಂ ಬರೆಯುವ ವಿದ್ಯೆಗಿಂತ ಇಲ್ಲಿ ಆ ರೂಢಿಯೇ ಹೆಚ್ಚು ಬೇಕು.

ಲಿಬ್ರೆಆಫೀಸ್‌ನ ದೊಡ್ಡ ಆವೃತ್ತಿಗಳು ವರ್ಷಕ್ಕೆ ಎರಡು ಸಲ, ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಬರುತ್ತವೆ. 2024ರಿಂದ ಆವೃತ್ತಿಯ ಸಂಖ್ಯೆಯಲ್ಲೇ ವರ್ಷ ಮತ್ತು ತಿಂಗಳು ಸೇರಿದೆ: 24.2, 24.8, 25.2, ಹೀಗೆ. ಪರೀಕ್ಷೆಗೆಂದೇ ಬಿಡುವ ಬೀಟಾ ಆವೃತ್ತಿ ಅದಕ್ಕೂ ಸುಮಾರು ಎರಡು ತಿಂಗಳು ಮುಂಚೆ ಸಿಗುತ್ತದೆ. ಆದ್ದರಿಂದ ಡಿಸೆಂಬರ್ ಮತ್ತು ಜೂನ್ ನಿಮ್ಮ ಗುಂಪಿಗೆ ಸುಗ್ಗಿಯ ತಿಂಗಳುಗಳು. ಬೀಟಾ ಮತ್ತು ಅದಕ್ಕೂ ಮುಂಚಿನ ಆಲ್ಫಾ ಹಂತದವು ಬೇರೆ ಹೆಸರಿನಲ್ಲಿ, ಬೇರೆ ಸೆಟ್ಟಿಂಗ್‌ಗಳೊಂದಿಗೆ ಪಕ್ಕದಲ್ಲೇ ಕೂರುವುದರಿಂದ ಪ್ರಯೋಗಾಲಯದಲ್ಲಿ ಈಗಿರುವ ಆವೃತ್ತಿಗೆ ಧಕ್ಕೆಯಿಲ್ಲ. ಬಿಡುಗಡೆಗೆ ತೀರಾ ಹತ್ತಿರದ ಆರ್‌ಸಿ ಹಂತದ್ದು ಹಾಗಲ್ಲ. ವಿಂಡೋಸ್‌ನಲ್ಲಿ ಅದು ಇದ್ದುದನ್ನು ತೆಗೆದು ಅದರ ಜಾಗ ಹಿಡಿಯುತ್ತದೆ. ಅದನ್ನು ಒಂದೆರಡು ಯಂತ್ರಗಳಿಗೆ ಮಾತ್ರ ಮೀಸಲಿಡಿ.

ಆರಂಭದಲ್ಲಿ ಹೊಸ ದೋಷ ಹುಡುಕಲು ಯಾರನ್ನೂ ಕಳಿಸಬೇಡಿ. ಬೇರೆಯವರು ಈಗಾಗಲೇ ಬರೆದ ವರದಿಗಳನ್ನು ತೆಗೆದುಕೊಂಡು ನಿಮ್ಮ ಯಂತ್ರದಲ್ಲಿ ಮಾಡಿ ನೋಡಿ. ಲಿಬ್ರೆಆಫೀಸ್‌ನ ದೋಷ ವರದಿಗಳ ತಾಣವಾದ ಬಗ್‌ಜಿಲ್ಲಾದಲ್ಲಿ ಹೊಸಬರ ವರದಿ ‘ಅನ್‌ಕನ್‌ಫರ್ಮ್ಡ್’ ಎಂಬ ಸ್ಥಿತಿಯಲ್ಲಿ ಕಾಯುತ್ತಿರುತ್ತದೆ. ಬರೆದವರೇ ಅದನ್ನು ದೃಢೀಕರಿಸಿಕೊಳ್ಳುವ ರೂಢಿ ಅಲ್ಲಿಲ್ಲ. ಇನ್ನೊಬ್ಬರು ಅದೇ ಹೆಜ್ಜೆಗಳನ್ನು ಅನುಸರಿಸಿ, ತಮಗೂ ಹಾಗೆಯೇ ಆಯಿತೆಂದು ಬರೆದ ಮೇಲೆ ಅದು ‘ನ್ಯೂ’ ಆಗುತ್ತದೆ. ಎಷ್ಟೋ ಒಳ್ಳೆಯ ವರದಿಗಳು ಈ ಇನ್ನೊಬ್ಬರಿಲ್ಲದೆ ನಿಂತಿರುತ್ತವೆ. ಹೆಜ್ಜೆ ಸರಿಯಾಗಿ ಬರೆದಿದ್ದರೆ ಹತ್ತು ನಿಮಿಷದ ಕೆಲಸ. ಬರೆದಿಲ್ಲದಿದ್ದರೆ ಎಷ್ಟು ಒದ್ದಾಡಬೇಕೆಂಬುದೂ ನಿಮ್ಮ ಹುಡುಗರಿಗೆ ಅಲ್ಲೇ ತಿಳಿಯುತ್ತದೆ, ಮುಂದೆ ತಾವು ಬರೆಯುವಾಗ ಹೆಜ್ಜೆ ಬಿಡುವುದಿಲ್ಲ.

ಇನ್ನೊಂದು ಕೆಲಸಕ್ಕೆ ವಿದ್ಯಾರ್ಥಿಗಳು ಹೇಳಿ ಮಾಡಿಸಿದವರು. ಹಿಂದೆ ಸರಿಯಿದ್ದು ಈಗ ಕೆಟ್ಟಿರುವ ದೋಷ ಸಿಕ್ಕಾಗ, ಅದು ಯಾವ ಬದಲಾವಣೆಯಿಂದ ಬಂತೆಂದು ಪತ್ತೆ ಹಚ್ಚುವ ‘ಬೈಬಿಸೆಕ್ಟ್’ ಎಂಬ ವಿಧಾನವಿದೆ. ಸಾವಿರಾರು ಹಂತಗಳ ಸಿದ್ಧ ಆವೃತ್ತಿಗಳು ಒಂದೇ ಭಂಡಾರದಲ್ಲಿರುತ್ತವೆ. ನಡುವಿನದನ್ನು ತೆರೆದು ‘ಸರಿ’ ಅಥವಾ ‘ಕೆಟ್ಟಿದೆ’ ಎಂದು ಹೇಳುತ್ತಾ ಹೋದರೆ ಪ್ರತಿ ಸಲ ಅರ್ಧ ಕಳೆಯುತ್ತದೆ. ಸಾವಿರ ಹಂತಗಳಿದ್ದರೂ ಹತ್ತು ಸಲ ನೋಡಿದರೆ ಸಾಕು. ಅದಕ್ಕೆ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಪರಿಕರ ಸ್ವಲ್ಪ ತಿಳಿದಿರಬೇಕು, ಡಿಸ್ಕಿನಲ್ಲಿ ಹಲವು ಜಿಬಿ ಜಾಗ ಬೇಕು, ತಾಳ್ಮೆ ಬೇಕು. ಪ್ರೋಗ್ರಾಂ ಬರೆಯುವ ಸಿ ಪ್ಲಸ್ ಪ್ಲಸ್ ಭಾಷೆ ಬೇಕಿಲ್ಲ. ದೋಷ ತಂದ ಬದಲಾವಣೆ ಇಂಥದ್ದೆಂದು ತೋರಿಸಿಕೊಟ್ಟರೆ ಅದನ್ನು ಬರೆದ ಪ್ರೋಗ್ರಾಮರ್‌ಗೆ ಅರ್ಧ ಕೆಲಸ ಮುಗಿದಂತೆ. ಎರಡನೆಯ ವರ್ಷದ ವಿದ್ಯಾರ್ಥಿಗಳು ಇದನ್ನು ಮಾಡಿ ಮುಗಿಸಿದ್ದನ್ನು ನಾನು ಕಂಡಿದ್ದೇನೆ.

ಕನ್ನಡ ಬೆರಳಚ್ಚು ಕಲಿಸುವವರು, ಯಾದಗಿರಿ

ಮೇಲಿನ ಸರ್ ಹೇಳಿದ್ದೆಲ್ಲ ನಿಜ. ಆದರೆ ಕಲಬುರಗಿಯ ಗುಂಪು ಕನ್ನಡವನ್ನೇ ಪರೀಕ್ಷಿಸಬೇಕೆಂದು ನನ್ನ ಒತ್ತಾಯ. ಮೆನು ತೆರೆಯುತ್ತದೆಯೇ, ಕೋಷ್ಟಕ ಬರುತ್ತದೆಯೇ ಎಂದು ನೋಡುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಒತ್ತಕ್ಷರ ಜಾರಿತೆಂದು ಹೇಳಲು ನಾವೇ ಬೇಕು.

ನಮ್ಮೂರುಗಳ ಹೆಸರುಗಳಿಂದಲೇ ಒಳ್ಳೆಯ ಪರೀಕ್ಷಾ ಕಡತ ತಯಾರಾಗುತ್ತದೆ. ‘ಬೀದರ್‌ನಲ್ಲಿ’ ಎಂದು ಟೈಪಿಸಿ. ರ್ ಮತ್ತು ನ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಅದು ಬಿದ್ದುಹೋದರೆ ಪದ ‘ಬೀದರ್ನಲ್ಲಿ’ ಆಗಿಬಿಡುತ್ತದೆ. ಕಡತವನ್ನು ಮೈಕ್ರೋಸಾಫ್ಟ್ ವರ್ಡ್‌ನ ಡಾಕ್ಸ್ ರೂಪದಲ್ಲಿ ಉಳಿಸಿ ಮತ್ತೆ ತೆರೆಯಿರಿ. ಪಿಡಿಎಫ್ ಮಾಡಿ, ಅದರಿಂದ ನಕಲು ತೆಗೆದು ಅಂಟಿಸಿ. ಆ ಅಕ್ಷರ ಉಳಿದಿದೆಯೇ? ‘ಬೀದರ್’ ಎಂದು ಹುಡುಕಿದರೆ ‘ಬೀದರ್‌ನಲ್ಲಿ’ ಸಿಗುತ್ತದೆಯೇ? ಸಾಲಿನ ಕೊನೆಗೆ ಬಂದಾಗ ಪದ ಅಲ್ಲೇ ಮುರಿಯುತ್ತದೆಯೇ? ‘ಹುಮನಾಬಾದ್‌ಗೆ’, ‘ಔರಾದ್‌ನಿಂದ’ ಇವುಗಳನ್ನೂ ಹೀಗೆಯೇ ನೋಡಿ.

ಆಮೇಲೆ ರ‍್ಯ. ‘ಸೂರ್ಯ’ದಲ್ಲಿ ಅರ್ಕಾವತ್ತು ಬೇಕು, ‘ರ‍್ಯಾಂಕ್’ನಲ್ಲಿ ರ ನಿಂತು ಯ ಒತ್ತಾಗಬೇಕು. ಎರಡನೆಯದಕ್ಕೆ ರ, 200ಡಿ ಎಂಬ ಜೋಡಿಸುವ ಅಕ್ಷರ, ವಿರಾಮ (ಹಲಂತ ಚಿಹ್ನೆ), ಯ, ಇದೇ ಕ್ರಮ. ಫಾಂಟ್ ಬದಲಿಸುತ್ತಾ ನೋಡಿ: ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು. ಒಂದೇ ಫಾಂಟಿನಲ್ಲಿ ಕೆಟ್ಟರೆ ದೋಷ ಫಾಂಟಿನದಿರಬಹುದು. ಎಲ್ಲದರಲ್ಲೂ ಕೆಟ್ಟರೆ ತಂತ್ರಾಂಶದ ಕಡೆ ನೋಡಬೇಕು. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡೂ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಎಂಬ ಒಂದೇ ಪರಿಕರವನ್ನು ಬಳಸುತ್ತವೆ. ಒಂದರಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಕೆಟ್ಟಿದ್ದರೆ ಅದೂ ಒಂದು ಸುಳಿವು, ವರದಿಯಲ್ಲಿ ಬರೆಯಿರಿ.

ಹುಡುಕಾಟದಲ್ಲಿ ಇನ್ನೊಂದು ತೊಡಕಿದೆ. ‘ಕೊ’ ಎಂಬುದನ್ನು ಕಂಪ್ಯೂಟರ್ ಎರಡು ರೀತಿ ಇಟ್ಟುಕೊಳ್ಳಬಹುದು: ಕ ಜೊತೆ ಒಂದೇ ಒಕಾರದ ಚಿಹ್ನೆ, ಅಥವಾ ಕ ಜೊತೆ ಎಕಾರ ಮತ್ತು ಊಕಾರದ ಚಿಹ್ನೆಗಳು ಒಂದರ ಹಿಂದೆ ಒಂದು. ಯುನಿಕೋಡ್ ನಿಯಮದ ಪ್ರಕಾರ ಇವೆರಡೂ ಸಮಾನ. ಕಣ್ಣಿಗೂ ಒಂದೇ. ಒಂದು ರೀತಿಯಲ್ಲಿ ಬರೆದದ್ದು ಇನ್ನೊಂದು ರೀತಿಯಲ್ಲಿ ಹುಡುಕಿದಾಗ ಸಿಗದಿದ್ದರೆ ವಿದ್ಯಾರ್ಥಿಯ ಹೆಸರು ಪಟ್ಟಿಯಲ್ಲಿದ್ದೂ ಇಲ್ಲವೆಂದಾಗುತ್ತದೆ. ಇಂಥ ದೋಷವನ್ನು ಸಣ್ಣದೆಂದು ಬಿಡಬೇಡಿ.

ಡಿಟಿಪಿ ಅಂಗಡಿಯವರಿಗೆ ಒಂದು ಮಾತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತಗಳನ್ನು ಪರೀಕ್ಷೆಗೆ ತರಬೇಡಿ. ಅವು ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದವರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ, ವರದಿ ಅಲ್ಲಿಗೇ ನಿಲ್ಲುತ್ತದೆ. ಮೊದಲು ಪರಿವರ್ತಿಸಿಕೊಳ್ಳಿ.

ಆಮಂತ್ರಣ ಪತ್ರಿಕೆ ವಿನ್ಯಾಸಗಾರ, ಬೀದರ್

ನಮ್ಮಲ್ಲಿ ಒಂದೇ ಪತ್ರಿಕೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬರುತ್ತವೆ. ಬೀದರ್ ಜಿಲ್ಲೆಯಲ್ಲಿ ಇದು ನಿತ್ಯದ ಕೆಲಸ. ಪರೀಕ್ಷಕರಿಗೆ ಇದಕ್ಕಿಂತ ಒಳ್ಳೆಯ ಕಡತ ಸಿಗುವುದಿಲ್ಲ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ. ಅದರ ನಡುವೆ ಕನ್ನಡದ ಹೆಸರು, ಆವರಣ ಚಿಹ್ನೆ, ದಿನಾಂಕ ಬಂದಾಗ ಕರ್ಸರ್ ಎಲ್ಲಿಗೆ ಹಾರುತ್ತದೆ, ಆವರಣ ತಲೆಕೆಳಗಾಗುತ್ತದೆಯೇ ಎಂದು ನೋಡಬೇಕು. ಉರ್ದು ಬರೆಯುವ ನಸ್ತಾಲೀಕ್ ಲಿಪಿಯ ಸಾಲು ತುಂಬ ಎತ್ತರ, ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಎರಡೂ ಒಂದರ ಮೇಲೊಂದು ಬಂದಾಗ ಯಾವುದಾದರೂ ಕತ್ತರಿಸಿಹೋಗುತ್ತದೆಯೇ ಎಂದು ಮುದ್ರಿಸಿಯೂ ನೋಡಿ, ಪರದೆಯನ್ನಷ್ಟೇ ನಂಬಬೇಡಿ.

ಲಿಬ್ರೆಆಫೀಸ್ ಫಾಂಟುಗಳನ್ನು ಮೂರು ಖಾನೆಗಳಲ್ಲಿ ಇಡುತ್ತದೆ: ಪಾಶ್ಚಾತ್ಯ, ಏಷ್ಯನ್, ಸಿಟಿಎಲ್ (ಅಕ್ಷರಗಳು ಕೂಡಿ ರೂಪ ಬದಲಿಸುವ ಅಥವಾ ಬಲದಿಂದ ಎಡಕ್ಕೆ ಹೋಗುವ ಲಿಪಿಗಳು). ಏಷ್ಯನ್ ಎಂದರೆ ಅಲ್ಲಿ ಚೀನಿ, ಜಪಾನಿ, ಕೊರಿಯನ್. ಕನ್ನಡ, ಮರಾಠಿ, ಉರ್ದು ಮೂರೂ ಸಿಟಿಎಲ್‌ನಲ್ಲೇ ಬರುತ್ತವೆ. ಹಾಗಾಗಿ ಒಂದು ಭಾಷೆಗೆ ಕೊಟ್ಟ ಫಾಂಟ್ ಇನ್ನೊಂದಕ್ಕೂ ತಗಲುತ್ತದೆ. ಪ್ರತಿ ಭಾಷೆಗೂ ಒಂದೊಂದು ಅಕ್ಷರ ಶೈಲಿ ಮಾಡಿಕೊಳ್ಳುವುದು ದಾರಿ. ಇದನ್ನು ತಿಳಿಯದೆ ಬರೆದ ವರದಿಗಳು ದೋಷವಲ್ಲವೆಂದು ಮುಚ್ಚಿಹೋಗುತ್ತವೆ.

ಶಾಲಾ ಶಿಕ್ಷಕ, ಶಹಾಪುರ

ಹಳೆಯ ಯಂತ್ರದ ಬಗ್ಗೆ ಚಿಂತಿಸಬೇಡಿ, ಅದೇ ನಿಮ್ಮ ಬಲ. ಆದರೆ 32 ಬಿಟ್ ಯಂತ್ರಗಳಿದ್ದರೆ ಈಗಲೇ ಬೇರೆ ಮಾಡಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ ಆ ಯಂತ್ರಗಳಿಗಾಗಿ ಇನ್‌ಸ್ಟಾಲರ್ ಇಲ್ಲ. ಉಳಿದವುಗಳಲ್ಲಿ ಪೆನ್‌ಡ್ರೈವ್‌ನಿಂದ ಲೈವ್ ಆಗಿ ನಡೆಸಿ ನೋಡಿ, ಹಾರ್ಡ್ ಡಿಸ್ಕ್ ಮುಟ್ಟುವ ಅಗತ್ಯವಿಲ್ಲ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಏಳುತ್ತದೆಯೇ, ಮುದ್ರಕ ಸಿಗುತ್ತದೆಯೇ ಎಂದು ಬರೆಯಿರಿ. ಒಮ್ಮೆ ಇಳಿಸಿಕೊಂಡ ಐಎಸ್‌ಒ ಕಡತವನ್ನು (ಇಡೀ ವ್ಯವಸ್ಥೆಯ ಪ್ರತಿ) ಅದರ ಚೆಕ್‌ಸಮ್‌ನೊಂದಿಗೆ (ಕಡತ ಪೂರ್ತಿ ಸರಿಯಿದೆಯೇ ಎಂದು ತಿಳಿಸುವ ಗುರುತು) ಹೋಲಿಸಿದ ಮೇಲೆಯೇ ಉಳಿದವರಿಗೆ ಹಂಚಿ. ಅರ್ಧಕ್ಕೆ ಇಳಿದ ಕಡತದಿಂದ ಹುಟ್ಟುವ ದೋಷಗಳು ಎಲ್ಲರ ಸಮಯ ತಿನ್ನುತ್ತವೆ.

ಕೇಳಿದವರು

ತುಂಬಾ ಧನ್ಯವಾದಗಳು. ಎರಡು ಸಂದೇಹ ಉಳಿದಿವೆ. ಕನ್ನಡ ಓದಲು ಬಾರದ ಪ್ರೋಗ್ರಾಮರ್‌ಗೆ ಒತ್ತಕ್ಷರದ ತಪ್ಪನ್ನು ಹೇಗೆ ತಿಳಿಸುವುದು? ಮತ್ತು ಹೆಚ್ಚು ವರದಿ ಬರೆದವರಿಗೆ ಬಹುಮಾನ ಇಟ್ಟರೆ ಹುಡುಗರು ಉತ್ಸಾಹದಿಂದ ಬರುತ್ತಾರೆಯೇ?

ಕನ್ನಡ ಬೆರಳಚ್ಚು ಕಲಿಸುವವರು, ಯಾದಗಿರಿ

ಎರಡು ಚಿತ್ರ ಕೊಡಿ ಮೇಡಂ. ಒಂದು, ತಪ್ಪಾಗಿ ಕಂಡ ಪರದೆಯ ಚಿತ್ರ, ಆ ಅಕ್ಷರದ ಸುತ್ತ ಕೆಂಪು ವೃತ್ತ. ಇನ್ನೊಂದು, ಸರಿಯಾಗಿ ತೋರುವ ತಂತ್ರಾಂಶದ ಚಿತ್ರ, ಅಥವಾ ಕೈಯಲ್ಲಿ ಬರೆದದ್ದು. ಯುನಿಕೋಡ್ ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ. ಒಂದೇ ಪದವಿರುವ ಪುಟ್ಟ ಕಡತ ಲಗತ್ತಿಸಿ, ನಲವತ್ತು ಪುಟದ್ದು ಬೇಡ. ಇಂಗ್ಲಿಷ್ ಇಲ್ಲಿ ಮೂರೇ ವಾಕ್ಯ ಸಾಕು: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಲಿಬ್ರೆಆಫೀಸ್‌ನ ಸಹಾಯ ಮೆನುವಿನಲ್ಲಿ ಆವೃತ್ತಿಯ ಪೂರ್ತಿ ವಿವರ ನಕಲು ಮಾಡುವ ಗುಂಡಿ ಇದೆ, ಅದನ್ನು ಹಾಗೆಯೇ ಅಂಟಿಸಿ. ಮೊದಮೊದಲು ಗುಂಪಿನಲ್ಲಿ ಕನ್ನಡದಲ್ಲೇ ಬರೆದು, ಒಟ್ಟಾಗಿ ಇಂಗ್ಲಿಷಿಗೆ ತಂದರೆ ಹಿಂಜರಿಕೆ ತಾನಾಗಿ ಹೋಗುತ್ತದೆ.

ಲಿಬ್ರೆಆಫೀಸ್ ಪರೀಕ್ಷಕ, ಸೇಡಂ ರಸ್ತೆ, ಕಲಬುರಗಿ

ಬಹುಮಾನದ ವಿಷಯದಲ್ಲಿ ನನ್ನ ಉತ್ತರ ಖಡಾಖಂಡಿತ: ಬೇಡ. ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಕೊಡುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ, 2020ರಲ್ಲಿ, ಆ ಟೀ ಶರ್ಟ್ ಆಸೆಗೆ ಜನ ಮುಕ್ತ ತಂತ್ರಾಂಶ ಯೋಜನೆಗಳಿಗೆ ಹುರುಳಿಲ್ಲದ ತಿದ್ದುಪಡಿಗಳನ್ನು ರಾಶಿ ಹಾಕಿದರು. ಬಿಡುವಿನ ವೇಳೆಯಲ್ಲಿ ದುಡಿಯುವ ನಿರ್ವಾಹಕರು ಅವನ್ನು ಮುಚ್ಚುತ್ತಾ ಕೂರಬೇಕಾಯಿತು. ಕೊನೆಗೆ ಆಯೋಜಕರು, ಒಪ್ಪಿದ ಯೋಜನೆಗಳು ಮಾತ್ರ ಭಾಗವಹಿಸುವಂತೆ ನಿಯಮ ಬದಲಿಸಿದರು. ವರದಿಗಳ ಸಂಖ್ಯೆ ಎಣಿಸಿದರೆ ನಿಮ್ಮಲ್ಲೂ ಹಾಗೆಯೇ ಆಗುತ್ತದೆ. ತಾವು ಬರೆದ ವರದಿಗೆ ಮರುಪ್ರಶ್ನೆ ಬಂದಾಗ ಉತ್ತರಿಸಿದವರು ಯಾರೆಂದು ನೋಡಿ. ವರದಿ ‘ನೀಡ್‌ಇನ್ಫೋ’ ಸ್ಥಿತಿಗೆ ಬಂದರೆ ಅದನ್ನು ಪರಿಶೀಲಿಸುವವರು ನಿಮ್ಮ ಉತ್ತರಕ್ಕೆ ಕಾಯುತ್ತಿದ್ದಾರೆಂದು ಅರ್ಥ. ಪರೀಕ್ಷೆ, ಹಬ್ಬ ಎಂದು ತಿಂಗಳುಗಟ್ಟಲೆ ಸುಮ್ಮನಿದ್ದರೆ ಅಷ್ಟು ಶ್ರಮವೂ ವ್ಯರ್ಥ. ಪ್ರತಿ ಭಾನುವಾರದ ಮೊದಲ ಅರ್ಧ ಗಂಟೆಯನ್ನು ಹಳೆಯ ವರದಿಗಳಿಗೆ ಬಂದ ಪ್ರಶ್ನೆಗಳಿಗೇ ಕೊಡಿ.

ಶಾಲಾ ಶಿಕ್ಷಕ, ಶಹಾಪುರ

ಲಗತ್ತುಗಳ ಬಗ್ಗೆ ಯಾರೂ ಹೇಳಲಿಲ್ಲ. ಬಗ್‌ಜಿಲ್ಲಾದಲ್ಲಿ ಹಾಕಿದ ಕಡತವನ್ನು ಜಗತ್ತಿನ ಯಾರು ಬೇಕಾದರೂ ತೆರೆಯಬಹುದು. ಅಂಕಪಟ್ಟಿ, ಆಧಾರ್ ಸಂಖ್ಯೆ, ಗ್ರಾಹಕರ ಮದುವೆ ಪತ್ರಿಕೆ, ಮೊಬೈಲ್ ಸಂಖ್ಯೆ ಇರುವ ಯಾವುದನ್ನೂ ಹಾಕಬೇಡಿ. ಹೆಸರುಗಳ ಜಾಗದಲ್ಲಿ ಆಳಂದ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ ಎಂದು ಊರುಗಳನ್ನು ತುಂಬಿ, ದೋಷ ಆಗಲೂ ಬರುತ್ತದೆಯೇ ನೋಡಿ. ಕಡತದ ಗುಣವಿವರಗಳಲ್ಲಿ ಬರೆದವರ ಹೆಸರು ಉಳಿದಿರುತ್ತದೆ, ಅದನ್ನೂ ಅಳಿಸಿ. ಖಾತೆ ತೆರೆಯಲು ವಿದ್ಯಾರ್ಥಿಗಳು ತಮ್ಮ ಖಾಸಗಿ ಇಮೇಲ್ ಬದಲು ಇದಕ್ಕೆಂದೇ ಒಂದು ಹೊಸ ವಿಳಾಸ ಮಾಡಿಕೊಳ್ಳಲಿ.