ಇಂಜಿನ್ ಹೋದ ಪಿಕಪ್ 2 ಲಕ್ಷಕ್ಕೆ ಸಿಗುತ್ತಿದೆ, ತಗೊಳ್ಳಲಾ?

ಪ್ರಶ್ನೆ:
ನಮಸ್ಕಾರ ಅಣ್ಣ. ನಾನು ಮುಳಬಾಗಿಲು ಕಡೆಯವನು. ಮೂರು ಎಕರೆ ಟೊಮೆಟೊ ಇದೆ. ಕೋಲಾರದ ಎಪಿಎಂಸಿಗೆ ಬಾಡಿಗೆ ಗಾಡಿಯಲ್ಲೇ ಹಾಕುತ್ತೇನೆ, ಸೀಸನ್‌ನಲ್ಲಿ ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿದೆ. ಪಕ್ಕದೂರಿನಲ್ಲಿ 2015ರ ಬೊಲೆರೊ ಪಿಕಪ್ ಮಾರಾಟಕ್ಕಿದೆ. ಬಾಡಿ, ಟೈರ್ ಚೆನ್ನಾಗಿವೆ. ಆದರೆ ಇಂಜಿನ್ ಹೋಗಿ ನಾಲ್ಕು ತಿಂಗಳಿಂದ ಶೆಡ್‌ನಲ್ಲೇ ನಿಂತಿದೆ. 2 ಲಕ್ಷ ಹೇಳುತ್ತಿದ್ದಾರೆ. ಇದೇ ವರ್ಷದ ಓಡುವ ಗಾಡಿಗೆ ನಮ್ಮ ಕಡೆ ಮೂರೂವರೆ ಲಕ್ಷದ ಆಸುಪಾಸು ಇದೆ. ಮಾರುವವರು "ಬರೀ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗಕ್ಕೂ ಬ್ಲಾಕ್‌ಗೂ ನಡುವಿನ ಸೀಲ್) ಹೋಗಿರೋದು, 25 ಸಾವಿರದಲ್ಲಿ ಮುಗಿಯುತ್ತೆ" ಅನ್ನುತ್ತಾರೆ. ನಮ್ಮೂರ ಮೆಕ್ಯಾನಿಕ್ "ಬೇರೆ ಇಂಜಿನ್ನೇ ಕೂರಿಸಿಬಿಡು" ಅನ್ನುತ್ತಾನೆ. ಯಾರ ಮಾತು ಕೇಳಲಿ?

ಡೀಸೆಲ್ ಮೆಕ್ಯಾನಿಕ್ ಉತ್ತರ:
ಸದ್ಯಕ್ಕೆ ಇಬ್ಬರ ಮಾತೂ ಬೇಡ. 25 ಸಾವಿರದ ಕೆಲಸವೇ ಆಗಿದ್ದರೆ ಅವರೇ ಮಾಡಿಸಿ ಮೂರೂವರೆಗೆ ಮಾರುತ್ತಿದ್ದರು, ಅಲ್ವಾ? ಇಂಜಿನ್ ಯಾಕೆ ಹೋಯಿತು ಅಂತ ಗೊತ್ತಾಗದೆ 2 ಲಕ್ಷ ಕಡಿಮೆಯೋ ಜಾಸ್ತಿಯೋ ಹೇಳುವುದು ಕಷ್ಟ.

ನಾಳೆ ಹೋಗಿ ಮೊದಲು ಆಯಿಲ್ ಗೇಜ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಟೀ ಥರ ಇದ್ದರೆ ನೀರು ಸೇರಿದೆ. ನಾಲ್ಕು ತಿಂಗಳು ನೀರು ಸೇರಿದ ಆಯಿಲ್‌ನಲ್ಲಿ ನಿಂತಿದ್ದರೆ ಬೇರಿಂಗ್, ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಎಲ್ಲಾ ತುಕ್ಕು ಹಿಡಿದಿರುತ್ತವೆ. ಆಮೇಲೆ ಗಾಡಿ ನ್ಯೂಟ್ರಲ್‌ಗೆ ಹಾಕಿ, ಇಂಜಿನ್ ಮುಂದಿನ ಬೆಲ್ಟ್ ಚಕ್ರದ (ಕ್ರ್ಯಾಂಕ್ ಪುಲ್ಲಿ) ಬೋಲ್ಟ್‌ಗೆ ಪಾನಾ ಹಾಕಿ ಕೈಯಲ್ಲಿ ತಿರುಗಿಸಿ. ಪೂರ್ತಿ ಎರಡು ಸುತ್ತು ತಿರುಗಿದರೆ ಆಸೆ ಇಟ್ಟುಕೊಳ್ಳಬಹುದು. ಅಲುಗದಿದ್ದರೆ ಸೀಜ್ ಆಗಿದೆ, ಅಂದರೆ ಒಳಗೆ ಕಚ್ಚಿಕೊಂಡಿದೆ. ಕೆಳಗೆ ಮಲಗಿ ಬ್ಲಾಕ್‌ನ ಎರಡೂ ಪಕ್ಕ ಟಾರ್ಚ್ ಬಿಡಿ. ತೂತು, ವೆಲ್ಡಿಂಗ್ ಅಥವಾ ಪೇಸ್ಟ್ ಮೆತ್ತಿದ ಗುರುತು ಕಂಡರೆ ಆ ಇಂಜಿನ್ ಗುಜರಿಗೆ ಅಂತಲೇ ಲೆಕ್ಕ.

ಇನ್ನೊಂದು ಮಾತು. ಓನರ್‌ನ ಕೇಳಬೇಡಿ, ಓಡಿಸುತ್ತಿದ್ದ ಡ್ರೈವರ್‌ಗೆ ಒಂದು ಟೀ ಕುಡಿಸಿ.

ಪ್ರಶ್ನೆ ಕೇಳಿದವರು:
ನೋಡಿಕೊಂಡು ಬಂದೆ ಅಣ್ಣ. ಆಯಿಲ್ ನೀವು ಹೇಳಿದ ಟೀ ಥರವೇ ಇದೆ. ಪಾನಾಗೆ ಪೈಪ್ ಹಾಕಿ ಎಳೆದರೂ ಅಲುಗಲಿಲ್ಲ. ಬ್ಲಾಕ್ ಒಡೆದಿಲ್ಲ. ಡ್ರೈವರ್ ಸಿಕ್ಕಿದ. ನರಸಾಪುರದ ಹತ್ತಿರ ರೇಡಿಯೇಟರ್ ಹೋಸ್ ಒಡೆಯಿತಂತೆ. ಮಾಲು ಇದೆ ಅಂತ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೂ ಆರು ಕಿ.ಮೀ. ಓಡಿಸಿದ್ದಾನೆ, ತಾನಾಗೇ ನಿಂತಿದೆ. ಶಿವಾಜಿನಗರದ ಗುಜರಿಯಲ್ಲಿ ಇದೇ ಮಾಡೆಲ್ ಇಂಜಿನ್ 70 ಸಾವಿರಕ್ಕೆ ಇದೆ ಅಂತ ಒಬ್ಬರು ಹೇಳಿದರು. ಬಿಲ್ ಇಲ್ಲವಂತೆ. ಅದನ್ನೇ ಹಾಕಿಸಿದರೆ ಬೇಗ ಮುಗಿಯುತ್ತೆ ಅಲ್ವಾ?

ಡೀಸೆಲ್ ಮೆಕ್ಯಾನಿಕ್:
ಡ್ರೈವರ್ ನಿಜ ಹೇಳಿದ್ದಾನೆ. ಹೆಡ್ ಬೆಂಡ್ ಆಗಿರುತ್ತೆ, ಪಿಸ್ಟನ್ ಬೋರ್‌ಗೆ ಕಚ್ಚಿರುತ್ತೆ. ಗ್ಯಾಸ್ಕೆಟ್ ಕಥೆ ಅಲ್ಲಿಗೆ ಮುಗಿಯಿತು.

ಗುಜರಿ ಇಂಜಿನ್ ಎಲ್ಲಾ ಕೆಟ್ಟದ್ದಲ್ಲ. ಆಕ್ಸಿಡೆಂಟ್ ಆದ ಗಾಡಿಯ ಒಳ್ಳೆಯ ಇಂಜಿನ್ ನಾನೂ ಕೂರಿಸಿದ್ದೇನೆ. ಆದರೆ ಬಿಲ್ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಇಂಜಿನ್ ನಂಬರ್ ನಿಮ್ಮ ಆರ್‌ಸಿಯಲ್ಲಿ ಬರೆದಿದೆ. ಬೇರೆ ನಂಬರಿನ ಇಂಜಿನ್ ಹಾಕಿದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು. ಬಿಲ್ ಇಲ್ಲದೆ ಅಲ್ಲಿ ಏನು ತೋರಿಸುತ್ತೀರಿ? ತಿದ್ದಿಸದೆ ಓಡಿಸಿದರೆ ಎಫ್‌ಸಿಯಲ್ಲಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆ) ಸಿಕ್ಕಿಬೀಳುತ್ತೀರಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಇದೆ. ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರೂ ಮೊದಲು ನಂಬರ್ ನೋಡುತ್ತಾರೆ. ಕದ್ದ ಗಾಡಿಯ ಇಂಜಿನ್ ಆಗಿದ್ದರಂತೂ ಕೇಸ್ ನಿಮ್ಮ ಮೇಲೆ. ಬಿಲ್ ಇರುವ ಇಂಜಿನ್ ಸಿಕ್ಕರೂ ಕದ್ದ ಗಾಡಿಗಳ ಪಟ್ಟಿ ಇರುವ, ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) 'ವಾಹನ್ ಸಮನ್ವಯ್'ನಲ್ಲಿ ನಂಬರ್ ಹಾಕಿ ನೋಡಿಯೇ ದುಡ್ಡು ಕೊಡಿ.

ಹಳೇ ಪಂಪ್ ಇಂಜಿನ್ನೋ ಕಾಮನ್ ರೈಲೋ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಬಗೆ) ಅನ್ನುವುದೂ ತಾಳೆ ಆಗಬೇಕು. ಕಾಮನ್ ರೈಲ್ ಆದರೆ ಸೆನ್ಸರ್, ವೈರಿಂಗ್, ಇಸಿಯು (ಇಂಜಿನ್ ಕಂಪ್ಯೂಟರ್) ಎಲ್ಲಾ ಹೊಂದಬೇಕು. ಸುಮ್ನೆ ಕೂರಿಸಿ ಬೋಲ್ಟ್ ಬಿಗಿದರೆ ಸ್ಟಾರ್ಟ್ ಆಗುವ ಕಾಲ ಹೋಯಿತು.

ನಾನಾದರೆ ಇದೇ ಇಂಜಿನ್ ಕಟ್ಟುತ್ತೇನೆ. ಬ್ಲಾಕ್ ಒಡೆದಿಲ್ಲ, ನಂಬರ್ ಬದಲಾಗುವುದಿಲ್ಲ, ಆರ್‌ಟಿಒ ಅಲೆದಾಟ ಇಲ್ಲ. ಬೋರ್ ಕೆಲಸ, ಪಿಸ್ಟನ್ ಸೆಟ್, ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್, ಆಯಿಲ್ ಪಂಪ್, ವಾಟರ್ ಪಂಪ್, ಗ್ಯಾಸ್ಕೆಟ್ ಕಿಟ್. ಹೆಡ್ ಲೇತ್‌ಗೆ (ಇಂಜಿನ್ ಭಾಗ ಕೊರೆಯುವ, ತಿದ್ದುವ ವರ್ಕ್‌ಶಾಪ್) ಕಳಿಸಿ ಕ್ರ್ಯಾಕ್ ಟೆಸ್ಟ್ ಮಾಡಿಸಲೇಬೇಕು. ಇಂಜಿನ್ ಇಳಿಸಿದ ಮೇಲೆ ಕ್ಲಚ್ ಪ್ಲೇಟ್ ಹಳೆಯದೇ ಹಾಕುವುದು ದಡ್ಡತನ. ನನ್ನ ಶೆಡ್ ಲೆಕ್ಕದಲ್ಲಿ ಸುಮಾರು 1 ಲಕ್ಷ 20 ಸಾವಿರ ಹಿಡಿಯಿರಿ. ಟರ್ಬೊ, ಇಂಜೆಕ್ಟರ್ ಹೋಗಿದ್ದರೆ ಅದು ಬೇರೆ.

ಗುಂಪಿನ ಇನ್ನೊಬ್ಬ ಸದಸ್ಯರು:
ನಡುವೆ ಬಾಯಿ ಹಾಕುತ್ತೇನೆ. ನಾನು ಹೋದ ವರ್ಷ ಇಂಜಿನ್ ಕಟ್ಟಿಸಿ ಹಳೇ ರೇಡಿಯೇಟರ್, ಹಳೇ ಆಯಿಲ್ ಕೂಲರನ್ನೇ ಹಾಕಿಸಿದೆ. ಎರಡೇ ತಿಂಗಳಲ್ಲಿ ಬೇರಿಂಗ್ ಸದ್ದು ಶುರುವಾಯಿತು. ಮೊದಲ ಸಲದ ಲೋಹದ ಚೂರು ಕೂಲರ್ ಒಳಗೇ ಕೂತಿತ್ತು.

ಡೀಸೆಲ್ ಮೆಕ್ಯಾನಿಕ್:
ಇದು ನೂರಕ್ಕೆ ನೂರು ನಿಜ, ನಾನು ಮೊದಲೇ ಹೇಳಬೇಕಿತ್ತು. ಆಯಿಲ್ ಕೂಲರ್, ಟರ್ಬೊಗೆ ಹೋಗುವ ಆಯಿಲ್ ಪೈಪ್ ಬಿಚ್ಚಿ ತೊಳೆಯಬೇಕು, ಅನುಮಾನ ಇದ್ದರೆ ಹೊಸದು ಹಾಕಬೇಕು. ರೇಡಿಯೇಟರ್ ಹೊಸದೇ ಇರಲಿ. ಹೋಸ್ ಎಲ್ಲಾ ಬದಲಾಯಿಸಿ. ಬರೀ ನೀರು ಬೇಡ, ಕೂಲೆಂಟ್ ಹಾಕಿ. ಇಂಜಿನ್ ಕೊಂದಿದ್ದೇ ಒಂದು ಹೋಸ್ ತಾನೇ?

ಪ್ರಶ್ನೆ ಕೇಳಿದವರು:
ಹಾಗಾದರೆ ಎಷ್ಟಕ್ಕೆ ಕೇಳಲಿ ಅಣ್ಣ?

ಡೀಸೆಲ್ ಮೆಕ್ಯಾನಿಕ್:
ಓಡುವ ಗಾಡಿಗೆ 3.5 ಲಕ್ಷ ಅಂದಿರಿ. ಇಂಜಿನ್ ಕೆಲಸ 1.2 ತೆಗೆಯಿರಿ. ಬ್ಯಾಟರಿ, ಇನ್ಶೂರೆನ್ಸ್, ಎಫ್‌ಸಿ ಅಂತ ಒಂದು 25 ಸಾವಿರ. ಬಿಚ್ಚಿದ ಮೇಲೆ ಹೊಸದಾಗಿ ಏನಾದರೂ ಕಾಣಿಸಿಯೇ ಕಾಣಿಸುತ್ತೆ, ಅದಕ್ಕೆ 50 ಸಾವಿರ. ಉಳಿದದ್ದು 1 ಲಕ್ಷ 55 ಸಾವಿರ. ಒಂದೂಕಾಲು ಲಕ್ಷದಿಂದ ಶುರು ಮಾಡಿ, ಒಂದೂವರೆ ಲಕ್ಷಕ್ಕೆ ನಿಲ್ಲಿಸಿ. ಬಿಚ್ಚುವ ಕೂಲಿ ನೀವೇ ಕೊಡ್ತೀನಿ ಅಂತ ಹೇಳಿ, ಹೆಡ್ ಎತ್ತಿ ನೋಡಿ ಆಮೇಲೆ ಅಡ್ವಾನ್ಸ್ ಕೊಡಿ. ಒಪ್ಪದಿದ್ದರೆ ಎದ್ದು ಬನ್ನಿ.

ದುಡ್ಡು ಕೊಡುವ ಮುಂಚೆ ಚಾಸಿ ನಂಬರ್ ಆರ್‌ಸಿ ಜೊತೆ ನೀವೇ ತಾಳೆ ನೋಡಿ. ಆರ್‌ಸಿಯಲ್ಲಿ ಸಾಲದ ಗುರುತು ಇದ್ದರೆ ಸಾಲ ತೀರಿದೆ ಅನ್ನುವುದಕ್ಕೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಬೇಕು. ಗಾಡಿ ನಿಮ್ಮ ಹೆಸರಿಗೆ ವರ್ಗಾವಣೆ ಆಗಲು ಫಾರಂ 29, 30ಕ್ಕೆ ಅವತ್ತೇ ಸಹಿ ಹಾಕಿಸಿಕೊಳ್ಳಿ. ತೆರಿಗೆ, ದಂಡ ಬಾಕಿ ಇದ್ದರೆ ಅವರ ಲೆಕ್ಕಕ್ಕೆ.

ಪ್ರಶ್ನೆ ಕೇಳಿದವರು:
ಹೆಡ್ ಎತ್ತಿಸಿದೆವು ಅಣ್ಣ. ಮೂರನೇ ಬೋರ್‌ನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು. ಅದನ್ನು ತೋರಿಸಿದ ಮೇಲೆ 1 ಲಕ್ಷ 45 ಸಾವಿರಕ್ಕೆ ಇಳಿದರು. ಇಂಜಿನ್ ಲೇತ್‌ಗೆ ಹೋಗಿದೆ. ಬಂದ ತಕ್ಷಣ 90 ಬಾಕ್ಸ್ ಟೊಮೆಟೊ ಹಾಕಬಹುದಾ?

ಡೀಸೆಲ್ ಮೆಕ್ಯಾನಿಕ್:
ಬಾಕ್ಸಿಗೆ 15 ಕೆ.ಜಿ. ಅಂದರೂ 1,350 ಕೆ.ಜಿ. ಆಯಿತು. ಬೇಡ. ಮೊದಲ 1,000 ಕಿ.ಮೀ. 40 ಬಾಕ್ಸ್ ದಾಟಬೇಡಿ, ಟಾಪ್ ಗೇರಿನಲ್ಲಿ ಎಳೆಯಬೇಡಿ. ಅಷ್ಟಾದ ಮೇಲೆ ಆಯಿಲ್, ಫಿಲ್ಟರ್ ಬದಲಾಯಿಸಿ. ಇಳಿಸಿದ ಆಯಿಲ್ ಬಿಳಿ ಬಟ್ಟೆಯಲ್ಲಿ ಸೋಸಿ ಫೋಟೊ ಹಾಕಿ, ನೋಡಿ ಹೇಳುತ್ತೇನೆ.