ಸಹಾಯ ಬೇಕು: ಕಂಚಿನ ತೋಪಿಗೆ ಹಸಿರು ಪುಡಿ ಹಿಡಿದಿದೆ

ಎಲ್ಲರಿಗೂ ನಮಸ್ಕಾರ. ನಮ್ಮೂರ ವಾಡೆಯಲ್ಲಿ ಹಳೆಯದೊಂದು ಸಣ್ಣ ಕಂಚಿನ ತೋಪು (ಫಿರಂಗಿ) ಇದೆ. ಈ ಮಳೆಗಾಲದಲ್ಲಿ ಬಾಯಿಯ ಸುತ್ತ ತಿಳಿಹಸಿರು ಪುಡಿ ಎದ್ದಿದೆ. ಮುಟ್ಟಿದರೆ ಉದುರುತ್ತದೆ, ಕೆಳಗೆ ಸಣ್ಣ ಗುಳಿಗಳು ಕಾಣುತ್ತವೆ. ಇದು ಸುಮ್ನೆ ಕಿಲುಬಲ್ಲ, ಕ್ಲೋರೈಡ್ (ಉಪ್ಪಿನಲ್ಲಿರುವ ಅಂಶ) ತೇವದ ಜೊತೆ ಸೇರಿ ಲೋಹವನ್ನೇ ತಿನ್ನುತ್ತಿದೆ ಅನ್ನಿಸುತ್ತದೆ.

ಹುಣಸೆಹಣ್ಣು ಹಚ್ಚಿ ಫಳಫಳ ಮಾಡೋಣ ಅಂತಾರೆ ಹಿರಿಯರು. ದಯವಿಟ್ಟು ಬೇಡ ಅಂತ ತಡೆದಿದ್ದೇನೆ. ಹುಳಿ ತಾಗಿದರೆ ಲೋಹ ಕಾಯುವ ಹಳೇ ಗಟ್ಟಿ ಪದರವೂ ಹೋಗುತ್ತದೆ, ಅಲ್ವಾ? ವಿಜಯಪುರದಲ್ಲಿ 1549ರ ಮಲಿಕ್-ಎ-ಮೈದಾನ್ ತೋಪಿನ ಕಪ್ಪು ಮೈ ನೋಡಿದವರಿಗೆ ಆ ಪದರದ ಬೆಲೆ ಗೊತ್ತು.

ಬೆಂಜೋಟ್ರಯಜೋಲ್ (ಕಂಚು ಕಿಲುಬದಂತೆ ತಡೆಯುವ ರಾಸಾಯನಿಕ) ಹಾಕಿ, ಮೇಲೆ ಮೇಣ ಹಚ್ಚುವುದರಲ್ಲಿ ಪಳಗಿದವರು ಯಾರಾದರೂ ಇದ್ದೀರಾ? ಬಂದು ನೋಡುವ ಲೋಹ ಸಂರಕ್ಷಕರು ಗೊತ್ತಿದ್ದರೆ ತಿಳಿಸಿ. ಅಲ್ಲಿಯವರೆಗೆ ತೇವ ತಾಗದಂತೆ ಹೇಗೆ ಇಡಬೇಕು? ಫೋಟೋ ಕಳಿಸುತ್ತೇನೆ.