ಬಿಪಿ ನೋಡುವಾಗಲೇ ಮರಗಟ್ಟಿ ಹೋದರು, ಏನು ಮಾಡಬೇಕಿತ್ತು?

ರಾತ್ರಿಪಾಳಿ:
ತುರ್ತು ವಿಭಾಗಕ್ಕೆ ಹೊಸಬಳು ನಾನು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಒಬ್ಬರು ಬಂದಿದ್ದರು. ಬಿಪಿ ಪಟ್ಟಿ ಬಿಗಿಯಾಗುತ್ತಿದ್ದ ಹಾಗೇ ಮರಗಟ್ಟಿ ಹೋದರು. ಮಾತಿಲ್ಲ, ಕಣ್ಣು ಗೋಡೆಯ ಮೇಲೆ. ಪಕ್ಕದಲ್ಲಿದ್ದವರೊಬ್ಬರು "ಒಂದು ಹನಿ ಕಣ್ಣೀರೂ ಇಲ್ವಲ್ಲ" ಅಂದರು. ನನಗೆ ತುಂಬ ಬೇಜಾರಾಯಿತು. ಇಂಥ ಹೊತ್ತಲ್ಲಿ ಏನು ಮಾಡಬೇಕು? ಒಂದೊಂದಕ್ಕೂ ಒಪ್ಪಿಗೆ ಕೇಳುತ್ತಾ ಕೂತರೆ ತಡವಾಗಲ್ವಾ?

ಹಳೇ ಸಿಸ್ಟರ್:
ಮೊದಲು ಆ ಕಣ್ಣೀರಿನ ಮಾತು. 1974ರಲ್ಲೇ ಆನ್ ಬರ್ಜೆಸ್ ಎಂಬ ನರ್ಸ್, ಲಿಂಡಾ ಹೋಮ್‌ಸ್ಟ್ರಾಮ್ ಜೊತೆ ಸೇರಿ, ಬಾಸ್ಟನ್ನಿನಲ್ಲಿ ತುರ್ತು ಚಿಕಿತ್ಸೆಗೆ ಬಂದ ಹೆಂಗಸರನ್ನು ಮಾತಾಡಿಸಿ ಇದನ್ನು ಬರೆದಿದ್ದರು. ಕೆಲವರು ಅತ್ತು ನಡುಗುತ್ತಾರೆ, ಕೆಲವರು ಎಲ್ಲವನ್ನೂ ಒಳಗೇ ಅದುಮಿಟ್ಟು ಶಾಂತವಾಗಿ ಕಾಣುತ್ತಾರೆ. ಮರಗಟ್ಟುವುದು ಅವರ ಕೈಯಲ್ಲಿಲ್ಲ. ವಿಪರೀತ ಭಯವಾದಾಗ ಕೈಕಾಲು ಆಡುವುದಿಲ್ಲ, ದನಿಯೂ ಹೊರಡುವುದಿಲ್ಲ. ಇಷ್ಟು ವರ್ಷ ಆದರೂ ವಾರ್ಡಿನಲ್ಲಿ ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಪಟ್ಟಿ ತೋಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಯಾರೋ ಹಿಡಿದಿದ್ದ ಜಾಗವೇ ಅದಾಗಿರಬಹುದು. ನಾನು ಮೊದಲು ಪಟ್ಟಿಯನ್ನು ಅವರ ಕೈಗೇ ಕೊಡುತ್ತೇನೆ. ಯಾವ ತೋಳು ಅಂತ ಕೇಳುತ್ತೇನೆ. "ಸ್ವಲ್ಪ ಹೊತ್ತು ಬಿಗಿಯಾಗುತ್ತೆ, ಬೇಡ ಅನಿಸಿದರೆ ಕೈ ಎತ್ತಿ" ಅನ್ನುತ್ತೇನೆ. ಕೈ ಎತ್ತಿದರೆ ಆ ಕ್ಷಣವೇ ಗಾಳಿ ಬಿಡಬೇಕು. "ಇನ್ನೊಂದೇ ನಿಮಿಷ, ಸುಮ್ನೆ ಮಲ್ಕೊಳ್ಳಿ" ಅಂತ ಮಾತ್ರ ಅನ್ನಬೇಡಿ. ಹಲ್ಲೆ ಮಾಡಿದವನೂ ಅದನ್ನೇ ಅಂದಿರಬಹುದು. ಮರಗಟ್ಟಿದರೆ ಕೆಲಸ ನಿಲ್ಲಿಸಿ, ಮುಟ್ಟದೆ, ಅವರಿಗೆ ಕಾಣುವ ಹಾಗೆ ಕೂತು ನಿಮ್ಮ ಹೆಸರು ಹೇಳಿ. ಇದು ಆಸ್ಪತ್ರೆ ಅಂತ ಮೆಲ್ಲಗೆ ಹೇಳಿ. ಮೌನವನ್ನು ಒಪ್ಪಿಗೆ ಅಂದುಕೊಳ್ಳಬೇಡಿ.

ತಡದ ವಿಷಯ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಗರ್ಭ ತಡೆಯುವ ತುರ್ತು ಮಾತ್ರೆಗೆ 5 ದಿನದವರೆಗೆ ಅವಕಾಶ ಇದ್ದರೂ ಅದೂ ಹಾಗೇ. ಒಪ್ಪಿಗೆ ಕೇಳಲು ಹಿಡಿಯುವುದು ನಿಮಿಷಗಳು. ಕೇಸಿಗೆ ಬೇಕಾಗುವ ಸಾಕ್ಷ್ಯದ ಪರೀಕ್ಷೆ ಬೇಡ ಅಂದವರಿಗೂ ಔಷಧಿ ಕೊಡಲೇಬೇಕು, ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ.

ಮುಂಜಾವು:
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸಾಕ್ಷ್ಯಕ್ಕೆ ಬಾಯಿಯ ಸ್ವ್ಯಾಬ್ (ಹತ್ತಿ ಸುತ್ತಿದ ಕಡ್ಡಿಯಲ್ಲಿ ಒರೆಸಿ ತೆಗೆಯುವ ಮಾದರಿ) ಬೇಕಿದ್ದರೆ ಮೊದಲೇ ತೆಗೆದುಬಿಡಿ. ಆಮೇಲೆ ಆರಾಮಾಗಿ ನೀರು ಕುಡಿಯಬಹುದು. ಗಂಟಲು ಒಣಗಿದವರನ್ನು ಕಾಯಿಸುವುದು ಕಷ್ಟ. ಆ ಕಡ್ಡಿಯನ್ನು ಅವರೇ ಬಾಯೊಳಗೆ ಆಡಿಸಲಿ, ನೀವು ನೋಡುತ್ತಿದ್ದರೆ ಸಾಕು. ಅವರು ತೊಟ್ಟಿದ್ದ ಬಟ್ಟೆಗಳು ಕಾಗದದ ಚೀಲಕ್ಕೆ ಹೋಗಲಿ, ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಸಾಕ್ಷ್ಯ ಕೆಡುತ್ತದೆ.

ರಾತ್ರಿಪಾಳಿ:
ತುಂಬ ಥ್ಯಾಂಕ್ಸ್ ಇಬ್ಬರಿಗೂ. ಗಂಡಸರು ಬಂದರೂ ಹೀಗೇನಾ ಸಿಸ್ಟರ್? ಮನೆಗೆ ಕಳಿಸುವಾಗ ಏನು ನೋಡಬೇಕು?

ಹಳೇ ಸಿಸ್ಟರ್:
ಗಂಡಸರಿಗೂ ಹೀಗೇ. ಹಲ್ಲೆಯ ಹೊತ್ತಿನಲ್ಲಿ ದೇಹ ಸ್ಪಂದಿಸಿದ್ದಕ್ಕೆ ಕೆಲವರು ನಾಚಿ ಕುಗ್ಗಿರುತ್ತಾರೆ. ಅದು ಒಪ್ಪಿಗೆ ಅಲ್ಲ ಅಂತ ಅವರಿಗೆ ನೇರವಾಗಿ ಹೇಳಿ.

ಎಚ್‌ಐವಿ ಮಾತ್ರೆ 28 ದಿನ ನುಂಗಬೇಕು. ವಾಕರಿಕೆಗೆ ಹೆದರಿ ನಡುವೆ ಬಿಡುವವರಿದ್ದಾರೆ, ಹಾಗಾಗಿ ಫೋನ್ ಮಾಡಿ ವಿಚಾರಿಸಬೇಕಾಗುತ್ತದೆ. ಯಾವ ನಂಬರಿಗೆ ಮಾಡಲಿ, ಬೇರೆಯವರು ಎತ್ತಿದರೆ ಆಸ್ಪತ್ರೆ ಅಂತ ಹೇಳಬಹುದಾ, ಇವೆರಡನ್ನೂ ಹೊರಡುವ ಮುಂಚೆ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಮನೆಯೊಳಗಿನವನೇ ಹಲ್ಲೆ ಮಾಡಿರಲೂಬಹುದು ಅಲ್ವಾ.